ಹಸುಗೂಸಿನ ಅಂಗಾಲು

ಬಾಹ್ಯಾಕಾಶ ಕೇಂದ್ರದ ಗೋಡೆಯಾಚೆ ತಿರುಗುವ ಯಂತ್ರ ಗುಂಯ್ ಎಂದು ವೇಗ ಹಿಡಿದರೆ ಅವಳ ಚಪ್ಪಲಿ ಅಂಗಡಿಯ ಡಬ್ಬಿಗಳೆಲ್ಲ ಗಿಲಗಿಲ ನಡುಗುತ್ತವೆ. ಮೇಲೆ ಹಾರುವವರನ್ನು ಅದರೊಳಗೆ ಕೂರಿಸಿ ಗರಗರ ಸುತ್ತಿಸುತ್ತಾರೆ. ಅವರು ಹೋಗಿ ಬಂದ ಮೇಲೆ ಮೆತ್ತನೆಯ ಬೂಟು ಹೊಲಿದುಕೊಡುವುದು ಇವಳ ಕೆಲಸ. ಸದಾ ಮೊಳೆ ಕಚ್ಚಿಕೊಂಡೇ ಮಾತಾಡುವುದರಿಂದ ಬೀದಿಗೆಲ್ಲ ಅವಳು 'ಮೊಳೆ'. ಆ ಹೆಸರಿಟ್ಟವನು ಅವಳ ಭಾವ, ಅವನೂ ಮೇಲೆ ಹಾರುವವನೇ.

ಅದೇ ಭಾವ ಒಂದು ಮಧ್ಯಾಹ್ನ ಅಕ್ಕನನ್ನು ಒದ್ದು, ಉಟ್ಟ ಬಟ್ಟೆಯಲ್ಲೇ ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಿದ್ದ. ಚಪ್ಪಲಿಯನ್ನಾದರೂ ಕೊಡಿ ಎಂದದ್ದಕ್ಕೆ ಕಿಟಕಿಯಿಂದಲೇ, "ಸುಟ್ರೆ ಬೇಗ ಬೇಗ ನಡಿ" ಅಂದಿದ್ದ. ಕಾದ ಟಾರಿನ ಮೇಲೆ ನಡೆದು ಬಂದ ಅಕ್ಕನ ಅಂಗಾಲಿಗೆ ಎಣ್ಣೆ ಹಚ್ಚಿದವಳು ಮೊಳೆ. ಅಂದಿನಿಂದ ಆ ಮಾತನ್ನೂ ಹಲ್ಲಿನ ನಡುವೆಯೇ ಇಟ್ಟುಕೊಂಡಿದ್ದಳು.

ಈಗ ಅವನು ಆರು ತಿಂಗಳು ಬಾಹ್ಯಾಕಾಶದಲ್ಲಿದ್ದು ಬಂದಿದ್ದಾನೆ. ಸನ್ಮಾನದ ದಿನ ಕೇಂದ್ರದ ಅಂಗಳದ ಈಚೆ ಗಾಲಿಕುರ್ಚಿಯಲ್ಲಿ ಕೂತಿದ್ದವನ ಪಾದವನ್ನು ಮೊಳೆ ಮಡಿಲಿಗೆ ಎಳೆದುಕೊಂಡಳು. ಅಲ್ಲಿ ತೇಲುವವರು ನೆಲ ತುಳಿಯುವುದಿಲ್ಲ. ಅಂಗಾಲಿನ ಗಟ್ಟಿ ಚರ್ಮವೆಲ್ಲ ಸುಲಿದುಹೋಗಿತ್ತು. ತೇಲದಂತೆ ಪಾದವನ್ನು ಕಂಬಿಯಡಿ ಸಿಕ್ಕಿಸಿಕೊಂಡು ನಿಂತಿದ್ದಕ್ಕೆ ಅದರ ಮೇಲ್ಭಾಗ ಮಾತ್ರ ಒರಟು. ಮೀನಖಂಡ ಬತ್ತಿತ್ತು. ಅಕ್ಕನನ್ನು ಒದ್ದ ಕಾಲು ಹಸುಗೂಸಿನ ಕಾಲಾಗಿತ್ತು.

"ಇವರ ಜೊತೆ ಹೋಗಿದ್ದ ಪ್ರಯೋಗದ ಇಲಿಗಳೂ ಹೀಗೇ ತೂರಾಡ್ತವೆ," ಕುರ್ಚಿ ತಳ್ಳಿಕೊಂಡು ಬಂದಿದ್ದ ನರ್ಸಮ್ಮ ನಕ್ಕಳು. "ಆದ್ರೆ ಅವು ಗೊಣಗಲ್ಲಪ್ಪ."

"ಕುರ್ಚಿ ತಗೊಂಡು ಹೋಗಮ್ಮ ನೀನು. ನಾನು ನಡ್ಕೊಂಡೇ ವೇದಿಕೆ ಹತ್ತೋದು, ಜನ ನೋಡ್ಲಿ." ಭಾವ ಬೆಂಚಿಗೆ ಜರುಗಿ ನರ್ಸಮ್ಮನನ್ನು ಸಾಗಹಾಕಿದ.

ವೇದಿಕೆಗೂ ಬೆಂಚಿಗೂ ನಡುವೆ, ಬಿಸಿಲಿಗೆ ಕಾದ ಜಲ್ಲಿಯ ಅಂಗಳ.

ಮೊಳೆ ಬೂಟು ತೊಡಿಸಿದಳು. ಹೊಲಿಗೆಯಲ್ಲಿ ಒಂದು ಕುಂದಿಲ್ಲ.

"ಆಹಾ! ಬೆಣ್ಣೆ ಮೆಟ್ಟಿದ ಹಾಗಿದೆ ಕಣೇ ಮೊಳೆ. ನಿಮ್ಮಕ್ಕನಿಗೂ ಟೀವಿ ನೋಡೋಕೆ ಹೇಳಿದೀಯ ತಾನೆ?"

"ಹೇಳಿದೀನಿ ಭಾವ. ಕಣ್ಣು ಮಿಟುಕಿಸದೆ ಕೂತಿರ್ತಾಳೆ."

ಅಂದವಳೇ ಬೂಟಿನ ಲೇಸು ಬಿಚ್ಚಿ, ಒಂದು, ಇನ್ನೊಂದು, ಎರಡನ್ನೂ ಕಳಚಿ ಚೀಲಕ್ಕೆ ಹಾಕಿಕೊಂಡಳು.

"ಏಯ್, ಏನೇ ಇದು? ತಮಾಷೆ ಸಾಕು, ಕೊಡೇ!"

ಮೈಕು ಅವನನ್ನು ಕರೆಯಿತು. ಚಪ್ಪಾಳೆ ಶುರುವಾಯಿತು. ಅವನು ತಡಬಡಿಸಿ ಒಂದು ಕಾಲನ್ನು ಜಲ್ಲಿಗೆ ಊರಿದ. ಊರಿದಷ್ಟೇ ಬೇಗ ಚೀರಿ ಹಿಂದಕ್ಕೆಳೆದುಕೊಂಡ.

ಮೊಳೆ ಬಾಯಲ್ಲಿದ್ದ ಮೊಳೆಗಳನ್ನು ತೆಗೆದು ಜೇಬಿಗೆ ಹಾಕಿದಳು.

"ಸುಡ್ತಿದೆಯಾ ಭಾವ? ಹಾಗಿದ್ರೆ ಬೇಗ ಬೇಗ—"

ಮಾತು ಮುಗಿಸುವಷ್ಟು ಹೊತ್ತೂ ನಿಲ್ಲದೆ, ಚೀಲವನ್ನು ಬಗಲಿಗೇರಿಸಿ, ಜಲ್ಲಿ ಕರಕರ ಎನಿಸುತ್ತ ಗೇಟಿನತ್ತ ನಡೆದೇಬಿಟ್ಟಳು.