ಲಗ್ನವಾಗದ ಡಾಕ್ಟರಮ್ಮ

ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳವು. ರಾಯಚೂರಿನ ದವಾಖಾನೆಯಲ್ಲಿ ಅಕ್ಕ ಗಂಡು ಹೆತ್ತು ಮಲಗಿದ್ದಳು, ರಕ್ತ ನಿಲ್ಲುತ್ತಿರಲಿಲ್ಲ. ಕೋಣೆಯ ಬಾಗಿಲಲ್ಲಿ ದೇವದುರ್ಗದಿಂದ ಬಂದ ಅಜ್ಜಿ, ಅವ್ವ, ನಾನು. ದೊಡ್ಡ ಡಾಕ್ಟರಮ್ಮ ಮಾನ್ವಿಗೆ ಹೋಗಿದ್ದರಿಂದ, ಅವರ ಕೈಕೆಳಗೆ ಕೆಲಸ ಕಲಿಯಲು ಬಂದಿದ್ದ ಎಳೆಯ ಡಾಕ್ಟರಮ್ಮ ಓಡಿಬಂದರು. ಅಜ್ಜಿ ಅಡ್ಡ ನಿಂತಳು.

“ನಿನಗ ಲಗ್ನ ಆಗೇದೇನವ್ವಾ?”

“ಇಲ್ರೀ ಯವ್ವಾ.”

“ಲಗ್ನ ಆಗದಾಕಿ ಬಾಣಂತಿ ಕೋಣಿ ತುಳಿಬಾರದು. ದೊಡ್ಡಾಕಿ ಬರ್ಲಿ.”

“ಅವರು ಬರೂದ್ರಾಗ ಜೀವ ಹೋಗ್ತದರಿ,” ಎಂದು ಆಕೆ ಕೈಮುಗಿದರು. ಅವ್ವ ಅಜ್ಜಿಯ ರಟ್ಟೆ ಹಿಡಿದೆಳೆದು ದಾರಿ ಮಾಡಿಕೊಡುವಷ್ಟರಲ್ಲಿ ಹೊತ್ತು ಮೀರಿತ್ತು. ಕೂಸು ಉಳಿಯಿತು, ಅಕ್ಕ ಉಳಿಯಲಿಲ್ಲ.

ಮರುವರ್ಷ ನಮ್ಮ ಚಿಗವ್ವನಿಗೆ ದಿನ ತುಂಬಿದಾಗ ಅಜ್ಜಿಯೇ ಆಕೆಯನ್ನು ರಾಯಚೂರಿಗೆ ಕರೆದೊಯ್ದಳು. ಆ ಎಳೆಯ ಡಾಕ್ಟರಮ್ಮನನ್ನೇ ಹುಡುಕಿ, ಚಿಗವ್ವನ ಕೈಯನ್ನು ಅವರ ಕೈಯಲ್ಲಿಟ್ಟು, ಹೊರಗೆ ಬಂದು ಕೂತು ಅತ್ತಳು.