ಬರುವ ಮೊದಲೇ ಬರೆದ ಕೇಸ್ ಪೇಪರ್

ವ್ಯಾನು ಹಳ್ಳದ ನೀರಿನಲ್ಲಿ ಕೆಟ್ಟು ನಿಲ್ಲಬಹುದಿತ್ತು. ಔಷಧಿ ನಡುವೆಯೇ ಮುಗಿಯಬಹುದಿತ್ತು. ಕೂಲಿಯವರ ಕನ್ನಡವನ್ನು ನಾನು ಮರಾಠಿಯಲ್ಲಿ ತಪ್ಪಾಗಿ ಹೇಳಿ, ಹೊಟ್ಟೆನೋವಿನವನಿಗೆ ತಲೆನೋವಿನ ಗುಳಿಗೆ ಸಿಗಬಹುದಿತ್ತು. ಊರಿನವರು "ಶಾಲೆ ನಮ್ಮದು, ಮೊದಲ ಪಾಳಿ ನಮ್ಮದು" ಎಂದು ಹೊಡೆದಾಟಕ್ಕೆ ಇಳಿಯಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನನಗೇ ವಾಂತಿ-ಭೇದಿ ಹತ್ತಿಕೊಳ್ಳಬಹುದಿತ್ತು. ನಾಸಿಕದಿಂದ ಘೋಟಿಯವರೆಗೆ ಇಷ್ಟನ್ನೂ ಚಿಂತಿಸಿಕೊಂಡೇ ಹೋದೆ.

ಮುನ್ಸೂಚನೆ, ಅಶರೀರವಾಣಿ ಇಂಥವನ್ನು ನಾನು ನಂಬಿದವನಲ್ಲ. ಕಣ್ಣಿಗೆ ಕಾಣುವ ಚಿಂತೆಗಳೇ ನನಗೆ ಬೇಕಾದಷ್ಟಿದ್ದವು.

ಆಗ ನಾನು ಧಾರವಾಡದಿಂದ ನಾಸಿಕಕ್ಕೆ ವರ್ಗವಾಗಿ ಬಂದ ಬ್ಯಾಂಕ್ ನೌಕರ. ಘೋಟಿಯ ಹತ್ತಿರ ಹಳ್ಳ ಉಕ್ಕಿ, ರಸ್ತೆ ಕೆಲಸಕ್ಕೆ ಬಂದಿದ್ದ ನಮ್ಮ ಕಡೆಯ ಕೂಲಿ ಕುಟುಂಬಗಳ ಜೋಪಡಿಗಳು ಕೊಚ್ಚಿಹೋಗಿದ್ದವು. ಪಕ್ಕದ ಹಳ್ಳಿಯವರು ಅವರನ್ನು ಶಾಲೆಯಲ್ಲಿ ಇರಿಸಿಕೊಂಡರು. ಬಾವಿಯ ನೀರು ಕೆಟ್ಟು ಈಗ ಊರಿನವರು, ಕೂಲಿಯವರು ಇಬ್ಬರೂ ಹಾಸಿಗೆ ಹಿಡಿದಿದ್ದರು. ಅಲ್ಲಿಗೆ ಹೊರಟ ಪರಿಚಯದ ಡಾಕ್ಟರ್ ಮೇಡಂಗೆ ಕನ್ನಡ ಬಲ್ಲವರೊಬ್ಬರು ಬೇಕಿತ್ತು.

ಪಾಳಿಯಲ್ಲಿ ನಿಂತವರನ್ನು ಮೊದಲೇ ವಿಚಾರಿಸಿ, ಕೇಸ್ ಪೇಪರ್ ಬರೆದು ಮೇಜಿನ ಮೇಲೆ ಇಡುವುದು ನನ್ನ ಕೆಲಸ. ಮಧ್ಯಾಹ್ನ ಮೇಡಂ ಒಂದು ಪೇಪರ್ ಎತ್ತಿ ಕೂಗಿದರು, "ಶಿವಲೀಲಾ, ಐದು ವರ್ಷ!" ಯಾರೂ ಬರಲಿಲ್ಲ. ವಾಂತಿ-ಭೇದಿ, ಕಣ್ಣು ಗುಳಿಬಿದ್ದಿವೆ, ಅರ್ಜೆಂಟ್, ಎಂದಿತ್ತು. ಅಕ್ಷರ ನನ್ನದೇ. ಯಾರೋ ಹೆಂಗಸು ನನ್ನ ಎಡಕ್ಕೆ ನಿಂತು, ಬಿಜಾಪುರ ಕಡೆಯ ಮಾತಿನಲ್ಲಿ ನಿಧಾನವಾಗಿ ಬರೆಸಿದ್ದು ನೆನಪಿತ್ತು. ಮುಖ ನೋಡಿರಲಿಲ್ಲ, ಬರೆಯುವಾಗ ತಲೆ ಎತ್ತುವ ರೂಢಿ ನನಗಿಲ್ಲ.

ಉಳಿದದ್ದು ಒಂದೇ ಸಲಾಯಿನ್ ಬಾಟಲಿ. ರಸ್ತೆ ಮುಚ್ಚಿತ್ತು, ಸಂಜೆಯವರೆಗೆ ಇನ್ನೊಂದು ಬರುವಂತಿರಲಿಲ್ಲ. ಊರಿನ ಹಿರಿಯರೊಬ್ಬರು, ಮೈಯಲ್ಲಿ ಶಕ್ತಿಯಿಲ್ಲ, ಅದು ನನಗೇ ಬೇಕು ಎಂದು ಪಟ್ಟುಹಿಡಿದರು. ಆಸರೆ ಕೊಟ್ಟವರನ್ನು ಎದುರುಹಾಕಿಕೊಳ್ಳಲು ಮೇಡಂಗೂ ಅಳುಕು. ಆದರೂ ಪೇಪರ್ ತೋರಿಸಿ, "ಕಾಕಾ, ನೀವು ಓ.ಆರ್.ಎಸ್. ಪುಡಿ ಕಲಸಿದ ನೀರು ಕುಡಿಯಬಲ್ಲಿರಿ. ಈ ಮಗುವಿಗೆ ಆಗಲಿಕ್ಕಿಲ್ಲ" ಎಂದು ಮರಾಠಿಯಲ್ಲಿ ಹೇಳಿದರು.

ಕಾಕಾ ನನ್ನತ್ತ ತಿರುಗಿದರು. "ಸಾಹೇಬರ ಪೇಶಂಟ್ ವಿಮಾನದಲ್ಲಿ ಬರುವುದೇನು?"

ಮೂರೂ ಕೋಣೆ ಹುಡುಕಿದೆ. ಮತ್ತೊಮ್ಮೆ ಹುಡುಕಿದೆ. ಶಿವಲೀಲಾ ಎಂಬುವವಳೇ ನಮ್ಮಲ್ಲಿಲ್ಲ ಎಂದರು ಕೂಲಿಯವರು. ಇಲ್ಲದ ರೋಗಿಗಾಗಿ ಇರುವ ರೋಗಿಯ ಬಾಟಲಿ ತಡೆಹಿಡಿಸಿದೆನಲ್ಲ ಎಂದು ಬೆವರುತ್ತ ವರಾಂಡದಲ್ಲಿ ತಿರುಗಾಡಿದೆ.

ಮುಕ್ಕಾಲು ಗಂಟೆಯ ಮೇಲೆ ಒಬ್ಬ ಹೆಂಗಸು ಸೊಂಟದವರೆಗೆ ಕೆಸರಾಗಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿಬಂದಳು. ಹಳ್ಳದ ಆಚೆ ಸಿಕ್ಕಿಬಿದ್ದವಳು, ನೀರು ಇಳಿದ ಕೂಡಲೇ ದಾಟಿದ್ದಳು. ಮಗುವಿನ ಕಣ್ಣು ಗುಳಿಬಿದ್ದಿದ್ದವು. ಮೇಡಂ ಒಂದು ಮಾತೂ ಕೇಳದೆ ಸೂಜಿ ಚುಚ್ಚಿದರು. ಬಾಟಲಿ ತೂಗುಹಾಕಲು ಮೊಳೆಯಿರಲಿಲ್ಲ. ಶಕ್ತಿಯಿಲ್ಲದ ಕಾಕಾ ಎದ್ದುಬಂದು, ಅದನ್ನು ಎತ್ತಿ ಹಿಡಿದು ಕೊನೆಯ ಹನಿಯವರೆಗೆ ನಿಂತರು.

ಸಂಜೆಯ ಹೊತ್ತಿಗೆ ಮಗು ನೀರು ಕೇಳಿತು. ಆಗ ತಾಯಿಗೆ ಪೇಪರ್ ಓದಿ ಹೇಳಿದೆ.

"ಶಿವಲೀಲಾ ಅನ್ನೂದು ತೊಟ್ಟಿಲದಾಗ ಇಟ್ಟ ಹೆಸರ್ರಿ ಸಾಹೇಬ್ರ. ಇಲ್ಲೆ ಎಲ್ಲಾರೂ ಚಿನ್ನಿ ಅಂತಾರ. ನಿಮಗ ಯಾರ್ ಹೇಳಿದ್ರು?"

"ನಿಮ್ಮವರ ಯಾರೋ ಮೊದಲ ಬಂದು ಬರಸ್ಯಾರಲ್ಲ?"

"ಯಾರ್ ಬರ್ತಾರ್ರಿ? ಆಚೀಕಡೆ ಇದ್ದಾವ್ರು ನಾವಿಬ್ಬರ."

ಹೆದರಿದಷ್ಟು ಯಾವುದೂ ಅಂದು ಆಗಲಿಲ್ಲ. ಆದದ್ದು ಒಂದೇ ಸಣ್ಣ ತಪ್ಪು, ಅದನ್ನೂ ತಾಯಿಯೇ ತಿದ್ದಿಸಿದಳು.

"ಐದಲ್ರಿ, ಹ್ವಾದ ವರ್ಷ ನಮ್ಮವ್ವ ತೀರಿಕೊಂಡಾಗ ಐದಿತ್ತು. ಈಗ ಆರು."

ಬರೆಸಿದಾಕೆಗೆ ಒಂದು ವರ್ಷದಿಂದ ಮನೆಯ ಸುದ್ದಿ ಮುಟ್ಟಿರಲಿಲ್ಲ.