ಕಾಲು ಹಿಡಿಯುವ ಕಲ್ಲಯ್ಯ

ಫೆಬ್ರವರಿಯ ಒಂದು ಬೆಳಗು, ಗಂಟೆ ಏಳು. ಹ್ಯಾರೋದ ಬೀದಿದೀಪಗಳು ಇನ್ನೂ ಆರಿಲ್ಲ. ಸೂರ್ಯನಿಗೆ ಈ ತಿಂಗಳು ಲಂಡನ್ನಿನ ಡ್ಯೂಟಿ ಬಿದ್ದಂತಿಲ್ಲ. ಕಲ್ಲಯ್ಯ ಹಿರೇಮಠ ತಮ್ಮ ಪುಟ್ಟ ಕಾರಿನ ಮುಂಗಾಜಿಗೆ ಅಂಟಿದ ಮಂಜುಗಡ್ಡೆಯನ್ನು ಅವಧಿ ಮುಗಿದ ಲೈಬ್ರರಿ ಕಾರ್ಡಿನಿಂದ ಕೆರೆಯುತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ಬ್ಯಾಂಡೇಜಿನ ಡಬ್ಬಗಳು, ಕೈಗವಸು, ಇಕ್ಕಳ, ತೋಟದ ಕೆಲಸದವರು ಮಂಡಿಗೆ ಹಾಕಿಕೊಳ್ಳುವ ಒಂದು ರಬ್ಬರಿನ ಮೆತ್ತೆ. ಮನೆಮನೆಗೆ ಹೋಗಿ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವ ನರ್ಸ್ ಅವರು.

ಇವತ್ತಿನ ಮೊದಲ ಮನೆ ಶಿಶಿರ್ ಮತ್ತು ಬೃಂದಾ ಅವರದು. ಬಾಗಿಲು ತೆರೆಯುವ ಶಿಶಿರ್ ಕಂಪ್ಯೂಟರ್ ಕೆಲಸದವನು. ಕೆಲವು ವಾರಗಳಿಂದ ಗಡ್ಡದ ಕಡೆ ಗಮನವಿಲ್ಲ. ಒಳಗೆ ಸೋಫಾದ ಮೇಲೆ ಬೃಂದಾ ಎರಡು ದಿಂಬಿನ ಮೇಲೆ ಎಡಗಾಲು ಇಟ್ಟು ಕೂತಿದ್ದಾಳೆ. ಕಲ್ಲಯ್ಯ ಕಾರ್ಪೆಟ್ಟಿನ ಮೇಲೆ ಮೆತ್ತೆ ಹಾಕಿ, ಸೋಫಾದ ಅಂಚು ಹಿಡಿದು, "ಶಿವನೇ" ಎಂದು ಮಂಡಿಯೂರುತ್ತಾರೆ. ಪಟ್ಟಿಯ ಸುರುಳಿ ಒಂದೊಂದಾಗಿ ಬಿಚ್ಚುತ್ತದೆ. ಕಡೆಯ ಸುತ್ತು ಬಂದಾಗ ಶಿಶಿರ್ ಟೀ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತಾನೆ. ಅವನು ದಿನವೂ ಅದೇ ಸುತ್ತಿಗೆ ಹೋಗುತ್ತಾನೆ.

ಹೆಬ್ಬೆರಳು ಚೆನ್ನಾಗಿದೆ. ಅದರ ಪಕ್ಕದ ಎರಡು ಬೆರಳು ಒಣ ಖರ್ಜೂರದ ಹಾಗೆ ಕಪ್ಪಾಗಿ, ಸುಕ್ಕಾಗಿ, ಗಟ್ಟಿಯಾಗಿವೆ. ಸತ್ತ ಬೆರಳು ನೋಯುವುದಿಲ್ಲ. ಸತ್ತದ್ದೂ ಬದುಕಿದ್ದೂ ಸೇರುವ ಗಡಿ ನೋಯುತ್ತದೆ. ಆ ಗಡಿಯ ಗೆರೆ ತಾನಾಗಿ ಮೂಡುವವರೆಗೆ, ವಾರಗಳೋ ತಿಂಗಳುಗಳೋ, ಕತ್ತರಿಸದೆ ಕಾಯಬೇಕು ಎಂದಿದ್ದಾರೆ ಆಸ್ಪತ್ರೆಯವರು. ಅಲ್ಲಿಯತನಕ ಅದನ್ನು ಒಣಗಿಸಿ ಇಡುವುದು ಕಲ್ಲಯ್ಯನವರ ಕೆಲಸ. ಹಸಿಯಾದರೆ ಕೊಳೆಯುತ್ತದೆ, ಕೊಳೆತರೆ ಎರಡು ಬೆರಳಿನ ಮಾತು ಪಾದದ ಮಾತಾಗುತ್ತದೆ. ಬೆರಳುಗಳ ನಡುವೆ ಒಣ ಬಟ್ಟೆ ಇಡುತ್ತಾರೆ, ಬಗ್ಗಿ ಮೂಸುತ್ತಾರೆ, ಮತ್ತೆ ಸುತ್ತುತ್ತಾರೆ. ಮುಗಿದೊಡನೆ ಬೃಂದಾ ಮುಂದಕ್ಕೆ ಬಾಗಿ ಅವರ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಅಪ್ಪನ ವಯಸ್ಸಿನವರು ಕಾಲು ಮುಟ್ಟಿದರಲ್ಲ ಎಂಬ ಸಂಕೋಚ ಅವಳಿಗೆ.

"ದಿನಾ ಹಿಂಗ ಮಾಡಿದ್ರ ನನ್ನ ಕೈ ಸವೀತದ, ತಂಗಿ," ಎನ್ನುತ್ತಾರೆ ಕಲ್ಲಯ್ಯ.

ಇಬ್ಬರೂ ಮೈಸೂರಿನ ಕಡೆಯವರು. ಮದುವೆಯಾದದ್ದು ನವೆಂಬರಿನಲ್ಲಿ, ಮಧುಚಂದ್ರಕ್ಕೆ ಹೊರಟದ್ದು ಜನವರಿಯಲ್ಲಿ, ಫಿನ್‌ಲ್ಯಾಂಡಿನ ತುತ್ತತುದಿಗೆ. ಚಂದ್ರನಿಗಿಂತ ಹೆಚ್ಚಾಗಿ ಆಕಾಶದ ಹಸಿರು ಬೆಳಕು ನೋಡುವ ಆಸೆ. ಅದನ್ನು ಹುಡುಕಿ ಬುಕ್ ಮಾಡಿದವನು ಶಿಶಿರ್. ಹೆಸರಿನಲ್ಲೇ ಚಳಿಗಾಲ ಹೊತ್ತವನು. ಹೆಪ್ಪುಗಟ್ಟಿದ ಸರೋವರಕ್ಕೆ ಕರೆದೊಯ್ಯುವ ಮೊದಲು ಅಲ್ಲಿನ ಹುಡುಗಿಯೊಬ್ಬಳು ಎಲ್ಲರಿಗೂ ಬೂಟು, ಕೋಟು ಕೊಟ್ಟು, ಮೈಮೇಲೆ ಒಡವೆ ಏನಾದರೂ ಇದ್ದರೆ ತೆಗೆದಿಡಿ, ಲೋಹ ಚಳಿಯನ್ನು ಎಳೆಯುತ್ತದೆ ಎಂದಳು. ಬೃಂದಾ ಓಲೆ ತೆಗೆದಳು, ಬಳೆ ತೆಗೆದಳು, ಇನ್ನೇನೂ ಇಲ್ಲ ಎಂದಳು.

"ಸುಳ್ಳು ಹೇಳ್ಲಿಲ್ಲ ಅಂಕಲ್," ಎಂದು ಅವಳು ಕಲ್ಲಯ್ಯನವರಿಗೆ ಹೇಳಿದ್ದುಂಟು. "ಕಾಲುಂಗುರ ಒಡವೆ ಅಂತ ನಂಗೆ ಹೊಳೀಲೇ ಇಲ್ಲ. ಅದು ಕಾಲಲ್ಲೇ ಇರೋದಲ್ವಾ."

ಹೊಸ ಬೆಳ್ಳಿ, ಎಡಗಾಲಿನದು ಬಿಗಿಯಾದ ಸುತ್ತು, ಮೇಲೆ ಎರಡು ಜೊತೆ ಕಾಲುಚೀಲ, ಅದರ ಮೇಲೆ ಒಂದು ಅಳತೆ ಚಿಕ್ಕದಾದ ಬೂಟು. ಮೊದಲು ಚುಚ್ಚಿತು, ಆಮೇಲೆ ಉರಿಯಿತು, ಆಮೇಲೆ ಏನೂ ಆಗಲಿಲ್ಲ. ಕಡಿಮೆಯಾಯಿತು ಎಂದುಕೊಂಡಳು. ರೂಮಿಗೆ ಬಂದು ಬೂಟು ಬಿಚ್ಚಿದಾಗ ಬೆರಳುಗಳು ಮೇಣದ ಹಾಗಿದ್ದವು. ಅಲ್ಲಿನ ಕ್ಲಿನಿಕ್ಕಿನಲ್ಲಿ ಉಂಗುರ ಕತ್ತರಿಸಿ ತೆಗೆದರು.

ಆ ರಾತ್ರಿಯ ವಿಡಿಯೋ ಶಿಶಿರನ ಫೋನಿನಲ್ಲಿದೆ. ಒಂದು ದಿನ ಅಡುಗೆಮನೆಯಲ್ಲಿ ಅವನು ಅದನ್ನು ಕಲ್ಲಯ್ಯನವರ ಮುಂದೆ ಹಿಡಿದ. ಆಕಾಶದ ತುಂಬ ಹಸಿರು ಸೀರೆ ಒಗೆದು ಹರವಿದಂಥ ಬೆಳಕು. ಕ್ಯಾಮೆರಾದ ಹಿಂದಿನಿಂದ ಬೃಂದಾಳ ದನಿ, ಹೋಗೋಣ್ವಾ ಎಂದು. ಸ್ವಲ್ಪ ಬಿಟ್ಟು ಮತ್ತೆ, ಹೋಗೋಣ್ವಾ. ಎರಡು ಸಲವೂ ಶಿಶಿರನ ಉತ್ತರ ಒಂದೇ: "ಇನ್ನೈದು ನಿಮಿಷ ಕಣೇ." ಡಿಲೀಟ್ ಮಾಡಲಾ ಅಂಕಲ್ ಎಂದು ಕೇಳಿದ. ಕಲ್ಲಯ್ಯ ಟೀ ಕಪ್ಪು ತೊಳೆದಿಟ್ಟರು. ತೆಗೆಯಬ್ಯಾಡಪ್ಪ, ಮತ್ತ ನೋಡಲೂಬ್ಯಾಡ ಎಂದರು. ಅದಕ್ಕಿಂತ ಹೆಚ್ಚು ಸಮಾಧಾನ ಅವರ ಚೀಲದಲ್ಲಿರಲಿಲ್ಲ.

ಕಲ್ಲಯ್ಯ ನವಲಗುಂದದ ಕಡೆಯ ಹಳ್ಳಿಯೊಂದರ ಜಂಗಮರ ಮನೆಯವರು. ಅಪ್ಪ ಊರಿನ ಅಯ್ಯನವರು. ಸೋಮವಾರ ಮನೆಮನೆಗೆ ಕರೆದು, ತಾಮ್ರದ ತಟ್ಟೆಯಲ್ಲಿ ಅವರ ಪಾದ ತೊಳೆದು, ಆ ನೀರನ್ನು ಜನ ತೀರ್ಥವೆಂದು ಕುಡಿಯುತ್ತಿದ್ದರು. ಮಗ ಹುಬ್ಬಳ್ಳಿಗೆ ನರ್ಸಿಂಗ್ ಓದಲು ಹೊರಟಾಗ ಊರಿನ ಕಟ್ಟೆ ನಕ್ಕಿತು: ಅಯ್ಯನ ಮಗಾ ಮಂದಿ ಕಾಲ ಹಿಡಿಯಾಕ ಹೊಂಟಾನ. ಅಪ್ಪ ಬಹಳ ದಿನ ಮಾತು ಬಿಟ್ಟರು. ಇವತ್ತು ಅದನ್ನು ಹೇಳುವಾಗ ಕಲ್ಲಯ್ಯನವರಿಗೆ ಸಿಟ್ಟಿಲ್ಲ. "ನಮ್ಮಪ್ಪನ ಪಾದಾ ಮಂದಿ ತೊಳೀತಿದ್ರು, ನಾ ಮಂದಿ ಪಾದಾ ತೊಳೀತೀನಿ. ಕಸಬು ಅದ ಐತ್ರಿ. ಕುಂಡ್ರೋ ಜಾಗಾ ಅಷ್ಟ ಬದಲಾಗೇತಿ."

ಇಪ್ಪತ್ತು ವರ್ಷದ ಹಿಂದೆ ಲಂಡನ್ನಿಗೆ ಬಂದವರು. ಮೊದಲು ವೃದ್ಧರ ಆರೈಕೆಮನೆಯಲ್ಲಿ ರಾತ್ರಿಪಾಳಿ, ಆಮೇಲೆ ಈ ತಿರುಗಾಟ. ದಿನಕ್ಕೆ ಹನ್ನೆರಡು ಮನೆ. ಹಾಗೆಂದು ಪಾದ ಇಪ್ಪತ್ನಾಲ್ಕು ಎಂದು ಲೆಕ್ಕ ಹಾಕುವಂತಿಲ್ಲ, ಕೆಲವರಿಗೆ ಒಂದೇ. ಹೆಚ್ಚಿನವು ಸಕ್ಕರೆ ಕಾಯಿಲೆಯ ಪಾದಗಳು, ಮೊಳೆ ಚುಚ್ಚಿದರೂ ಯಜಮಾನನಿಗೆ ಸುದ್ದಿ ಮುಟ್ಟಿಸದಂಥವು. ಬಾಗಿಲಲ್ಲೇ ನಿಲ್ಲಿಸಿ, ನಿನ್ನೆಯ ಬಿಳಿ ನರ್ಸಮ್ಮ ಯಾಕೆ ಬರಲಿಲ್ಲ ಎಂದು ಕೇಳುವವರಿದ್ದಾರೆ. ಹೆಸರು ಬಾಯಿಗೆ ಹೊರಳದೆ "ಕ್ಯಾ-ಲೇ-ಯಾ" ಎಂದು ಹಲ್ಲಿನ ಮಧ್ಯೆ ಅಗಿಯುವವರಿದ್ದಾರೆ. ಸೋತವರು ಕೊನೆಗೆ ಕಾಲಿನ್ ಎಂದು ಹೆಸರಿಟ್ಟರು. ಕನ್ನಡ ಗೊತ್ತಿಲ್ಲದೆ ಇಟ್ಟರೂ ಆ ಹೆಸರು ನೇರ ಕಸಬಿಗೇ ಹೋಗಿ ಕೂತಿದೆ. ಪರರ ಕಾರ್ಪೆಟ್ಟಿನ ಮೇಲೆ ಊರಿ ಊರಿ ಅವರ ಎರಡೂ ಮಂಡಿ ಸವೆದಿವೆ. ಮನೆಯಲ್ಲಿ ಹೆಂಡತಿ ವಿಜಯಾ, ಊರ ಮಂದಿಯ ಕಾಲು ನೋಡುವವರಿಗೆ ತಮ್ಮ ಕಾಲು ನೋಡಲು ಪುರುಸೊತ್ತಿಲ್ಲ ಎಂದು ಗೊಣಗಿಕೊಂಡೇ ಎಣ್ಣೆ ತಿಕ್ಕುತ್ತಾರೆ.

ಒಂದು ಮಾತು ಮಾತ್ರ ಅವರು ಲಂಡನ್ನಿಗೆ ಕಾಲಿಟ್ಟ ದಿನದಿಂದ ಬಿಟ್ಟುಕೊಟ್ಟಿಲ್ಲ. ಹಿರೇಮಠ ಎಂಬ ಹೆಸರು ಕೇಳಿ ಗೃಹಪ್ರವೇಶಕ್ಕೆ ಬನ್ನಿ, ಪಾದಪೂಜೆಗೆ ಬನ್ನಿ ಎಂದು ಕರೆಯುವ ಕನ್ನಡದವರು ಹ್ಯಾರೋದಲ್ಲಿ ಬೇಕಾದಷ್ಟಿದ್ದಾರೆ. ಒಬ್ಬರ ಮನೆಗೂ ಅವರು ಅಯ್ಯನವರಾಗಿ ಹೋಗಿಲ್ಲ. ಶಿಶಿರನ ತಾಯಿ ಭುವನೇಶ್ವರಿ, ಸೊಸೆಯ ಆರೈಕೆಗೆಂದು ಮೈಸೂರಿನಿಂದ ಬಂದಿಳಿದವರು, ಮೊದಲ ದಿನವೇ ತಟ್ಟೆ ಚೊಂಬು ಹಿಡಿದು ನಿಂತಿದ್ದರು. ಈ ಮನೆಯಲ್ಲಿ ಪಾದ ತೊಳೆಯುವ ಪಗಾರ ತಮಗಿದೆ ಎಂದು ಕಲ್ಲಯ್ಯ ನಗಿಸಿ ಜಾರಿಕೊಂಡರು.

ಭುವನೇಶ್ವರಿ ಕೆಟ್ಟ ಹೆಂಗಸಲ್ಲ. ಸೊಸೆಗೆ ತಲೆ ಬಾಚುತ್ತಾರೆ, ಬಿಸಿ ಅನ್ನ ಕಲಸಿ ಕೊಡುತ್ತಾರೆ. ಆದರೆ ದಿನವೂ ಮೈಸೂರಿನಿಂದ ಫೋನು ಬರುತ್ತದೆ, ಫೋನಿನ ತುಂಬ ನೆಂಟರು, ನೆಂಟರ ಬಾಯಲ್ಲಿ ಒಂದೇ ಪದ: ಕಾಲ್ಗುಣ. ಮನೆ ತುಂಬಿದ ಮೂರು ತಿಂಗಳಿಗೇ ಸೊಸೆಯ ಕಾಲೇ ಹೀಗಾದರೆ ಮನೆಯ ಗತಿ ಏನು ಎಂದು ಅವರು ಕೇಳುವುದಿಲ್ಲ. ಕೇಳದೆ ನಿಟ್ಟುಸಿರು ಬಿಡುತ್ತಾರೆ. ಸ್ಪೀಕರ್ ಹಾಕಿದ ಫೋನಿನ ನಿಟ್ಟುಸಿರು ಸೋಫಾದವರೆಗೂ ಕೇಳಿಸುತ್ತದೆ.

ತಿಂಗಳ ಕೊನೆಯ ಒಂದು ಸೋಮವಾರ ಬೆಳಗು, ಯಾರೂ ಬಾರದ ಶನಿವಾರ ಭಾನುವಾರ ಕಳೆದು, ಕಲ್ಲಯ್ಯ ಪಟ್ಟಿ ಬಿಚ್ಚುತ್ತಿದ್ದಾರೆ. ಕೊನೆಯ ಸುತ್ತಿಗೆ ಮೊದಲೇ ಅವರ ಕೈ ನಿಲ್ಲುತ್ತದೆ. ಕೊಳೆತ ಹೂವಿನಂಥ ಸಿಹಿ ವಾಸನೆ. ಬಟ್ಟೆ ಸರಿಸಿದರೆ ಸತ್ತ ಬೆರಳಿನ ಬುಡದಲ್ಲಿ ಹೊಚ್ಚಹೊಸ ಬೆಳ್ಳಿಯ ಕಾಲುಂಗುರ. ಗಡಿಯ ಚರ್ಮ ಸುಲಿದು ಒದ್ದೆಯಾಗಿದೆ, ಕೆಂಪು ಪಾದದ ಮೇಲಕ್ಕೆ ಹತ್ತಲು ಶುರು ಮಾಡಿದೆ.

ಯಾರು ಎಂದು ಅವರು ಕೇಳುವ ಮೊದಲೇ ಭುವನೇಶ್ವರಿ ಹೇಳುತ್ತಾರೆ. ಮಗನಿಗೆ ತಿಳಿಯದ ಹಾಗೆ ನಮ್ಮವರ ಅಂಗಡಿಗಳಿರುವ ಸೌತ್‌ಹಾಲಿನಿಂದ ತರಿಸಿದ್ದು, ಮೊನ್ನೆ ಸಂಜೆ ಪಟ್ಟಿ ಬಿಚ್ಚಿ ತಾವೇ ತೊಡಿಸಿದ್ದು. "ಬರಿ ಬೆರಳಲ್ಲಿ ಕೂತಿದ್ಲು ಅಯ್ನೋರೇ. ನಮ್ಮನೆಯವ್ರು ಹೋಗಿ ಎರಡು ವರ್ಷ ಆಯ್ತು. ಬೆರಳು ಬರಿದಾದ್ರೆ ಏನು ಅಂತ ನಂಗೊತ್ತು. ನಂಗೆ ಇರೋನು ಇವನೊಬ್ಬ."

ಬೃಂದಾ ತಲೆ ತಗ್ಗಿಸಿದ್ದಾಳೆ. "ನೋವೇ ಆಗ್ಲಿಲ್ಲ ಅಂಕಲ್, ಅದಕ್ಕೇ ಬಿಟ್ಟೆ."

ಇದೇ ಮಾತನ್ನು ಅವಳು ಸರೋವರದ ಮೇಲೂ ತನಗೆ ತಾನೇ ಹೇಳಿಕೊಂಡಿದ್ದಳು. ಕಲ್ಲಯ್ಯ ಇಕ್ಕಳ ಎತ್ತುತ್ತಾರೆ. ಬೃಂದಾ ಕಾಲು ಹಿಂದಕ್ಕೆಳೆದುಕೊಂಡು, ಅತ್ತೆ ಹೇಳಲಿ ಎನ್ನುತ್ತಾಳೆ. ಅವಳು ಬೇಡವೆಂದರೆ ನರ್ಸ್ ಕೈ ಹಾಕುವಂತಿಲ್ಲ, ಅದು ಕಾಯಿದೆ. ಶಿಶಿರ್ ಅಮ್ಮನ ಮುಖ ನೋಡುತ್ತಾನೆ, ಹೆಂಡತಿಯ ಮುಖ ನೋಡುತ್ತಾನೆ, ಅಮ್ಮಾ ಎನ್ನುತ್ತಾನೆ. ಉಂಗುರ ಈಗಲೇ ಹೋಗಬೇಕು, ಈಗಲೇ ಆಸ್ಪತ್ರೆಗೆ ಹೊರಡಬೇಕು, ಇಲ್ಲದಿದ್ದರೆ ಪಾದ ಉಳಿಯದು ಎಂದು ಕಲ್ಲಯ್ಯ ಬಿಡಿಸಿ ಹೇಳುತ್ತಾರೆ. ಭುವನೇಶ್ವರಿ ಬೇಡವೆಂದು ತಲೆಯಾಡಿಸುತ್ತಾರೆ. ಪಾದ ಸೊಸೆಯದು, ಪ್ರಾಣ ಮಗನದು; ಅವರ ತಕ್ಕಡಿ ಮಗನ ಕಡೆಗೇ ವಾಲಿದೆ.

ಆಗ ಕಲ್ಲಯ್ಯ ಇಕ್ಕಳ ಕೆಳಗಿಡುತ್ತಾರೆ. ಮಂಡಿಯೂರಿದಲ್ಲಿಂದಲೇ ಭುವನೇಶ್ವರಿಯವರ ಕಡೆ ತಿರುಗಿ, ಕೈಗವಸಿನ ಎರಡೂ ಅಂಗೈ ಜೋಡಿಸಿ ಮುಂದೆ ಚಾಚುತ್ತಾರೆ.

"ಅಕ್ಕಾರ, ಬಾಗಿಲಿಗೆ ಜಂಗಮ ಬಂದಾನ. ಭಿಕ್ಷಾ ನೀಡ್ರಿ."

ಭುವನೇಶ್ವರಿ ದಂಗಾಗಿ ನೋಡುತ್ತಾರೆ. ಹುಟ್ಟಿದಾಗಿನಿಂದ ಅವರ ಮನೆಯಲ್ಲಿ ಈ ಮಾತಿಗೆ ಇಲ್ಲವೆಂದವರಿಲ್ಲ. ಏನು ಬೇಕು ಎಂದು ಸಣ್ಣ ದನಿಯಲ್ಲಿ ಕೇಳುತ್ತಾರೆ.

"ಆ ಉಂಗುರ. ಅದರ ಕೂಡ ಏನ್ ದೋಷಾ ಬರ್ತದೋ ಅದೂ ನನ್ನ ಜೋಳಿಗಿಗೆ ಬೀಳಲಿ. ನಿಮ್ಮ ಮಗನ ಕಡೆ ಹಾಯೂದಿಲ್ಲ."

ಗೋಡೆಯಾಚೆ ಪಕ್ಕದ ಮನೆಯವರ ವಾಷಿಂಗ್ ಮಷೀನು ತಿರುಗುವ ಸದ್ದು. ಭುವನೇಶ್ವರಿ ಕಣ್ಣು ಮುಚ್ಚಿ, ತಗೊಳ್ಳಿ ಎನ್ನುತ್ತಾರೆ. ಬೃಂದಾ ಕಾಲು ಮುಂದೆ ಚಾಚುತ್ತಾಳೆ. ಕಲ್ಲಯ್ಯ ಉಂಗುರದ ಬಾಯಿ ಬಿಟ್ಟ ಸುತ್ತನ್ನು ಇಕ್ಕಳದಿಂದ ಅಗಲಿಸಿ ತೆಗೆದು ತಮ್ಮ ತಟ್ಟೆಗೆ ಹಾಕುತ್ತಾರೆ. ಜೊತೆಗೆ ಒಂದಿಷ್ಟು ಚರ್ಮವೂ ಬರುತ್ತದೆ, ಬೃಂದಾ ದಿಂಬು ಕಚ್ಚುತ್ತಾಳೆ. ಭುವನೇಶ್ವರಿ ತಟ್ಟೆಯಿಂದ ಉಂಗುರವನ್ನು ಬರಿಗೈಯಲ್ಲಿ ಎತ್ತಿ ಅವರ ಅಂಗೈಗೆ ಹಾಕಿ, ಅಭ್ಯಾಸಬಲದಿಂದ ಪಾದ ಮುಟ್ಟಲು ಬಾಗುತ್ತಾರೆ. ಸಿಕ್ಕದ್ದು ಕಾರ್ಪೆಟ್ಟು ಕೊಳೆಯಾಗದಿರಲೆಂದು ಕಲ್ಲಯ್ಯ ಬೂಟಿನ ಮೇಲೆ ತೊಟ್ಟ ನೀಲಿ ಪ್ಲಾಸ್ಟಿಕ್ ಚೀಲ. ಅದನ್ನೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ.

ರೋಗಿಗಳ ಮನೆಯಿಂದ ನರ್ಸುಗಳು ಏನನ್ನೂ ಸ್ವೀಕರಿಸುವಂತಿಲ್ಲ. ಕಲ್ಲಯ್ಯ ಉಂಗುರವನ್ನು ಲಕೋಟೆಯಲ್ಲಿ ಹಾಕಿ ಆಫೀಸಿಗೆ ಒಪ್ಪಿಸುತ್ತಾರೆ. ಮ್ಯಾನೇಜರಮ್ಮನಿಗೆ ಭಿಕ್ಷೆ, ದೋಷ, ಜೋಳಿಗೆ ಎಂದು ಬಿಡಿಸಿ ಹೇಳುವುದು ಹತ್ತು ಪಟ್ಟಿ ಕಟ್ಟುವುದಕ್ಕಿಂತ ಕಷ್ಟವಾಗುತ್ತದೆ. ವಾರದ ಮೇಲೆ ಉಂಗುರ ಶಿಶಿರನ ಕೈಗೆ ವಾಪಸು ಹೋಗುತ್ತದೆ. ದೋಷ ವಾಪಸು ಹೋಗಿಲ್ಲ, ತಮ್ಮ ಹತ್ತಿರವೇ ಇದೆ ಎನ್ನುತ್ತಾರೆ ಕಲ್ಲಯ್ಯ. ಅದು ನಗೆಯೋ ಅಲ್ಲವೋ ಹೇಳಲು ಬರುವಂತಿಲ್ಲ. "ಬಿಟ್ಟ ಬಂದ ವೇಷಾ ಆವತ್ತ ಹಾಕ್ಕೊಂಡೆ. ಅಕಿ ಅಂಜಿಕಿ ಮ್ಯಾಲೆ ನಾ ಆಟಾ ಆಡಿದ್ನೇನೋ. ಖರೇನ ಮಾಡಿದ್ನೋ ಸುಳ್ಳ ಮಾಡಿದ್ನೋ, ಇನ್ನೂ ತಿಳಿದಿಲ್ಲ ನೋಡ್ರಿ."

ಬೃಂದಾ ಆಸ್ಪತ್ರೆಯಲ್ಲಿ ಒಂದು ವಾರ ಔಷಧಿಯ ಡ್ರಿಪ್ಪಿನ ಮೇಲೆ ಇರುತ್ತಾಳೆ. ಕೆಂಪು ಇಳಿಯುತ್ತದೆ, ಪಾದ ಉಳಿಯುತ್ತದೆ. ಬೆರಳುಗಳು ಉಳಿಯುವುದಿಲ್ಲ, ವಸಂತದಲ್ಲಿ ಎರಡನ್ನೂ ತೆಗೆಯುತ್ತಾರೆ. ಮತ್ತೆ ಪಟ್ಟಿ, ಮತ್ತೆ ಕಲ್ಲಯ್ಯ. ಊರುಗೋಲಿಲ್ಲದೆ ನಿಲ್ಲಲು ಹೋಗಿ ಅವಳು ಅಡುಗೆಮನೆಯಲ್ಲಿ ಬೀಳುತ್ತಾಳೆ, ಇಲ್ಲದ ಬೆರಳು ನವೆಯಾಗುತ್ತದೆ ಎಂದು ಅಳುತ್ತಾಳೆ. ಭುವನೇಶ್ವರಿ ಮೈಸೂರಿಗೆ ಹಿಂದಿರುಗಿದ್ದಾರೆ. ಫೋನಿನಲ್ಲಿ ಎಲ್ಲವನ್ನೂ ವಿಚಾರಿಸಿ, ಫೋಟೋ ಕಳಿಸುವಾಗ ಕಾಲು ಬಾರದ ಹಾಗೆ ನೋಡಿಕೊಳ್ಳಿ ಎನ್ನುತ್ತಾರೆ. ಬೃಂದಾ ಈಗ ಬಲಗಾಲಿಗೂ ಉಂಗುರ ಹಾಕುವುದಿಲ್ಲ. ಶಿಶಿರ್ ಅದರ ಮಾತೆತ್ತುವುದಿಲ್ಲ. ಆದರೆ ಪಟ್ಟಿ ಬಿಚ್ಚುವ ಕೊನೆಯ ಸುತ್ತಿಗೆ ಎದ್ದು ಹೋಗುವುದನ್ನು ನಿಲ್ಲಿಸಿದ್ದಾನೆ. ನಮ್ಮ ಹೆಸರು ಹಾಕಿಯೇ ಇದನ್ನೆಲ್ಲ ಬರೆಯಿರಿ, ಚಳಿದೇಶಕ್ಕೆ ಹೊರಟ ಇನ್ನೊಬ್ಬ ಮದುಮಗಳಾದರೂ ಓದಲಿ ಎಂದು ನನಗೆ ಹೇಳಿದವಳು ಬೃಂದಾಳೇ.

ಗಾಯ ಪೂರ್ತಿ ಮಾಗಿದ ದಿನ ಅವಳ ಹೆಸರು ಕಲ್ಲಯ್ಯನವರ ಪಾಳಿಯಿಂದ ಹೋಗುತ್ತದೆ. ಆ ಜಾಗಕ್ಕೆ ಮರುದಿನವೇ ಇನ್ನೊಂದು ಪಾದ ಬರುತ್ತದೆ.

ಕಳೆದ ವಾರ ಸ್ಟೇಷನ್ ರೋಡಿನ ಸಿಗ್ನಲ್ಲಿನಲ್ಲಿ ಅವರ ಕಾರು ನಿಂತಿತ್ತು. ಎದುರಿನ ಫುಟ್‌ಪಾತಿನಲ್ಲಿ ಬೃಂದಾ ಒಬ್ಬಳೇ ಬರುತ್ತಿದ್ದಳು. ಎಡಗಾಲು ಚೂರು ಎಳೆಯುತ್ತಿತ್ತು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಫೋನು. ಯಾರಿಗೋ ಏನೋ ಜೋರಾಗಿ ದಬಾಯಿಸುತ್ತಿದ್ದಳು, ಕೆಳಗೆ ನೋಡದೆ ನಡೆಯುತ್ತಿದ್ದಳು. ಕಲ್ಲಯ್ಯ ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡೇ, ಅವಳು ತಿರುವಿನಲ್ಲಿ ಮರೆಯಾಗುವ ತನಕ ನೋಡಿದರು. ಸಿಗ್ನಲ್ಲು ಹಸಿರಾಗಿ ಹಿಂದಿನವರು ಬೈಯುವವರೆಗೂ.

ಹಾರ್ನ್ ಮಾಡಿ ಕರೆಯಬಹುದಿತ್ತಲ್ಲ ಎಂದರೆ ಅವರು ಕೈಯಾಡಿಸುತ್ತಾರೆ.

"ಯಾಕ ಕರೀಲಿ ಬಿಡ್ರಿ. ನನ್ನ ನೋಡಿದ್ರ ಅಕಿಗೆ ಕಾಲು ನೆನಪಾಗ್ತದ."